ಬಲಗಡೆ ಹೂವಿಗೆ ಹಚ್ಚಿದ ಗಂಜಿ

ತಂಗಿಯ ಕಾಯಿಲೆ ಮೊದಲು ತೋರಿಸಿಕೊಂಡಿದ್ದು ಒಂದು ಕೆಂಪು ಸೀರೆಯ ಮೇಲೆ.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಮಗ್ಗ ಇರುವುದು ನಡುಮನೆಯಲ್ಲೇ. ನಾನು ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತೇನೆ, ಅವ್ವ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಾಳೆ. ಮಗ್ಗದವನಿಗೆ ಹೆಣ್ಣು ಕೊಡುವವರು ಈಗ ಕಡಿಮೆ, ತಂಗಿಗೆ ಮದುವೆಯೇ ಬೇಡವಂತೆ. ಹಾಗಾಗಿ ಮನೆಯಲ್ಲಿ ನಾವು ಮೂವರೇ. ತಂಗಿ ಮಧುವನಹಳ್ಳಿಯಲ್ಲಿ ಅಂಗನವಾಡಿ ಟೀಚರ್. ದಿನಾ ಸ್ಕೂಟರಿನಲ್ಲಿ ಹೋಗಿ, ಊರಿನ ಮಕ್ಕಳ ಸುದ್ದಿಯನ್ನೆಲ್ಲ ತಲೆತುಂಬ ಹೊತ್ತುಕೊಂಡು ಬರುತ್ತಿದ್ದಳು.

ಆ ಸಂಜೆ ಬಂದವಳು ಮಗ್ಗದ ಮುಂದೆ ನಿಂತು ಒಂದು ಕಣ್ಣು ಮುಚ್ಚಿ ಸೀರೆ ನೋಡಿದಳು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದಳು.

“ಅಣ್ಣ, ಈ ಕೆಂಪು ಯಾಕೋ ಮಾಸಿದಂಗದೆ. ಹಳೇ ಇಟ್ಟಿಗೆ ಇದ್ದಂಗೆ ಕಾಣ್ತದೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಆ ನೂಲಿಗೆ ಬಣ್ಣ ಹಾಕಿದವನು ನಮ್ಮ ಬೀದಿಯ ಕೊನೆಯ ಮನೆಯವನೇ. ಉಳಿದಿದ್ದ ನೂಲಿನ ಲಡಿಯನ್ನು ಎತ್ತಿಕೊಂಡು ನೇರ ಅವನ ಮನೆಗೆ ಹೋದೆ. ಅವನು ಲಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ದಾಳಿಂಬೆ ಬೀಜದಂಥ ಕೆಂಪು.

“ಏನ್ಲಾ ಆಗದೆ ಇದಕ್ಕೆ? ನಿನ್ ಕಣ್ಗೇನಾಗದೆ?”

“ನನ್ ಕಣ್ಗಲ್ಲ. ನನ್ ತಂಗಿ ಕಣ್ಗೆ ಮಾಸಿದಂಗೆ ಕಾಣ್ತದಂತೆ.”

“ಅಂಗಾದ್ರೆ ನಿನ್ ತಂಗೀನ ಕಣ್ ಡಾಕ್ಟ್ರತಕ್ಕೆ ಕರ್ಕಂಡೋಗು. ನನ್ನತಕ್ಕೆ ಯಾಕ್ಲಾ ಬಂದೆ ಜಗಳಕ್ಕೆ?”

ನಾನು ಜಗಳ ಅರ್ಧಕ್ಕೆ ಬಿಟ್ಟು ವಾಪಸು ಬಂದೆ. ತಂಗಿಯ ಕಣ್ಣು ಕೆಲವು ವಾರದಲ್ಲಿ ತಾನಾಗಿ ಸರಿಹೋಯಿತು, ನಾವೂ ಮರೆತೆವು. ಅದಾಗಿ ಸ್ವಲ್ಪ ಕಾಲಕ್ಕೆ ಒಂದು ಬೆಳಿಗ್ಗೆ ತಂಗಿ ಅಂಗನವಾಡಿಗೆ ಒಂದೇ ಚಪ್ಪಲಿಯಲ್ಲಿ ಹೋಗಿ ನಿಂತಳಂತೆ. ಸ್ಕೂಟರಿನಿಂದ ಇಳಿದು ಬರುವಾಗ ಇನ್ನೊಂದು ಚಪ್ಪಲಿ ದಾರಿಯಲ್ಲೇ ಕಳಚಿಬಿದ್ದಿದೆ, ಅವಳಿಗೆ ಗೊತ್ತೇ ಆಗಿಲ್ಲ. ಮಕ್ಕಳು “ಮಿಸ್ಸು ಒಂಟಿ ಚಪ್ಲಿ” ಎಂದು ಕುಣಿದವಂತೆ. ಅವಳೂ ಅವರ ಜೊತೆ ಕುಣಿಯಲು ಹೋಗಿ ಬಿದ್ದಳಂತೆ. ಇದನ್ನು ಮನೆಗೆ ಬಂದು ನಗುನಗುತ್ತಲೇ ಹೇಳಿದಳು. ಆಮೇಲೆ ಕಾಲು ಮುಟ್ಟಿಕೊಂಡು, “ಮಂಡಿಯಿಂದ ಕೆಳಕ್ಕೆ ಕಾಲ್ಚೀಲ ಆಕಂಡಂಗದೆ ಕಣವ್ವ, ಆಕಂಡಿಲ್ಲ ಅಷ್ಟೆ” ಎಂದಾಗ ಅವ್ವ ಕಂಡಿಕೆ ಕೆಳಗಿಟ್ಟಳು.

ಮೈಸೂರಿನ ಆಸ್ಪತ್ರೆಯಲ್ಲಿ ತಲೆಯನ್ನೂ ಬೆನ್ನುಹುರಿಯನ್ನೂ ಸ್ಕ್ಯಾನ್ ಮಾಡಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಆ ಹೆಸರು ನನ್ನ ನಾಲಿಗೆಗೆ ಬರಲು ತುಂಬ ದಿನ ಹಿಡಿಯಿತು. ನರದ ಡಾಕ್ಟರಮ್ಮ ಕರೆಂಟ್ ವೈರಿನ ಪ್ಲಾಸ್ಟಿಕ್ ಕಿತ್ತುಹೋದ ಹಾಗೆ ಎಂದು ಹೇಳಿ ತಿಳಿಸಿದರು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ನರದ ಹೊದಿಕೆಯನ್ನು ಕಡಿಯುತ್ತದಂತೆ. ನನಗೆ ಜರಿ ನೆನಪಾಯಿತು. ಜರಿ ಎಂದರೆ ಒಳಗೆ ನೂಲು, ಮೇಲೆ ಬೆಳ್ಳಿಯ ಸಣ್ಣ ಪಟ್ಟಿ ಸುತ್ತಿರುತ್ತದೆ. ಒಮ್ಮೊಮ್ಮೆ ಮೇಲಿನ ಸುತ್ತು ಬಿಚ್ಚಿಕೊಂಡು ಒಳಗಿನ ನೂಲು ಹಲ್ಲು ಕಿರಿಯುತ್ತದೆ. ಅಂಥ ಕಡೆ ಎಷ್ಟು ನಯವಾಗಿ ನೇಯ್ದರೂ ಲಾಳಿ ತಡವರಿಸುತ್ತದೆ.

“ಇದಕ್ಕೇ ಅಂತ ಮಾತ್ರೆಗಳಿವೆ,” ಎಂದರು ಡಾಕ್ಟರಮ್ಮ. “ಆದ್ರೆ ಇವರಿಗೆ ಬೆನ್ನುಹುರಿಯಲ್ಲೂ ಕಲೆ ಇದೆ, ಮೊದಲು ಕಣ್ಣಿಗೆ, ಆಮೇಲೆ ಕಾಲಿಗೆ ಅಂತ ಏಟಿನ ಮೇಲೆ ಏಟು ಬೇಗ ಬಿದ್ದಿದೆ. ಇನ್ನೂ ಬಲವಾದ ಔಷಧಿ ಬೇಕು ಅಂತ ನನ್ನ ಅಭಿಪ್ರಾಯ. ಇದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿರೋ ಬಲವಾದವು ತುಂಬಾ ದುಬಾರಿ, ನಿಮ್ಮ ಕೈಗೆ ಎಟುಕಲ್ಲ. ರಿಟುಕ್ಸಿಮ್ಯಾಬ್ ಅಂತ ಒಂದಿದೆ. ಅದಕ್ಕೆ ಒಪ್ಪಿಗೆ ಇರೋದು ಬೇರೆ ಕಾಯಿಲೆಗಳಿಗೆ, ಕೆಲವು ರಕ್ತದ ಕ್ಯಾನ್ಸರಿಗೆ, ಕೀಲುವಾತಕ್ಕೆ. ಡಬ್ಬಿ ಮೇಲೆ ನಿಮ್ಮ ಕಾಯಿಲೆ ಹೆಸರು ಇರಲ್ಲ. ಆದ್ರೂ ಈ ಕಾಯಿಲೆಗೆ ತುಂಬಾ ಡಾಕ್ಟರುಗಳು ಕೊಡ್ತಾರೆ, ನಾನೂ ಕೊಟ್ಟಿದ್ದೀನಿ. ಇದನ್ನ ಆಫ್ ಲೇಬಲ್ ಅಂತೀವಿ. ಮುಚ್ಚುಮರೆ ಇಲ್ಲದೆ ಹೇಳ್ಬೇಕು ಅಂತ ಹೇಳ್ತಿದ್ದೀನಿ.”

“ವಾಸಿಯಾಗ್ತದಾ ಮೇಡಂ?” ಎಂದೆ.

“ವಾಸಿ ಮಾಡೋ ಔಷಧಿ ಇನ್ನೂ ಬಂದಿಲ್ಲ. ಮುಂದಿನ ಏಟು ಬೀಳದ ಹಾಗೆ ನೋಡ್ಕೊಳ್ಳೋಕೆ ಪ್ರಯತ್ನ ಮಾಡೋದು. ಡ್ರಿಪ್ಪಿನಲ್ಲಿ ಕೊಡ್ತೀವಿ, ಸಾಮಾನ್ಯವಾಗಿ ಆರಾರು ತಿಂಗಳಿಗೆ. ಕೊಡುವಾಗ ನವೆ, ಚಳಿ, ಗಂಟಲು ಬಿಗಿಯೋದು ಆಗಬಹುದು. ಆಮೇಲೆ ಸೋಂಕು ಬೇಗ ತಗಲಬಹುದು. ಮೊದಲೇ ಕಾಮಾಲೆ ವೈರಸ್ಸಿಗೆ, ಟಿಬಿಗೆ ರಕ್ತ ಪರೀಕ್ಷೆ ಮಾಡ್ಬೇಕು.”

ನಾನು ತಲೆ ತಗ್ಗಿಸಿ ಕೂತಿದ್ದೆ. ತಂಗಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

“ಮೇಡಂ, ನಾನು ದಿನಾ ಸಿಂಬಳ ಒರೆಸೋಳು. ಒಂದು ಮಗುಗೆ ಕೆಮ್ಮು ಬಂದ್ರೆ ಅಷ್ಟಕ್ಕೂ ಬರ್ತದೆ. ಔಷಧಿ ತಗೊಂಡ್ ಮೇಲೆ ಕೆಲಸ ಬಿಡಬೇಕಾ?”

ಡಾಕ್ಟರಮ್ಮ ನಕ್ಕರು. “ಯಾರೂ ಇಷ್ಟು ಒಳ್ಳೆ ಪ್ರಶ್ನೆ ಕೇಳಲ್ಲ ನೋಡಿ. ಬಿಡಬೇಕಾಗಿಲ್ಲ. ಹಾಕಿಸ್ಕೋಬೇಕಾದ ಲಸಿಕೆಗಳನ್ನ ಮೊದಲೇ ಹಾಕಿಸ್ಕೊಳ್ಳಿ. ಮಾಸ್ಕ್ ಹಾಕ್ಕೊಳ್ಳಿ, ಕೈ ತೊಳ್ಕೊಳ್ತಾ ಇರಿ. ಜ್ವರ ಬಂದ್ರೆ ಮನೆಮದ್ದು ಮಾಡ್ತಾ ಕೂರಬೇಡಿ, ತಕ್ಷಣ ಬನ್ನಿ. ಮನೆಯಲ್ಲಿ ಯೋಚನೆ ಮಾಡಿ ಹೇಳಿ. ತುಂಬಾ ತಡ ಮಾತ್ರ ಬೇಡ.” ಆಮೇಲೆ ನನ್ನ ಕಡೆ ತಿರುಗಿ, “ಡ್ರಿಪ್ ಹಾಕುವ ದಿನ ಜೊತೆಗೆ ಬಂದವರೂ ಒಂದು ಸಹಿ ಹಾಕ್ಬೇಕಾಗತ್ತೆ” ಎಂದರು.

ಅವರು ಅಷ್ಟು ಹೊತ್ತು ಹೇಳಿದ್ದರಲ್ಲಿ ನನ್ನ ತಲೆಗೆ ಹೊಕ್ಕಿದ್ದು ಎರಡೇ. ಒಂದು ಕ್ಯಾನ್ಸರ್. ಇನ್ನೊಂದು ನನ್ನ ಸಹಿ.

ಬಸ್ಸಿನಲ್ಲಿ ತಂಗಿ ಕಿಟಕಿ ಪಕ್ಕ ಕೂತು ಕಡಲೆಕಾಯಿ ಬಿಡಿಸುತ್ತ, “ನಾನು ತಕ್ಕತೀನಿ ಕಣಣ್ಣ ಅದನ್ನ” ಎಂದಳು. ಯಾವ ಹೋಟೆಲಿನಲ್ಲಿ ತಿಂಡಿ ತಿನ್ನೋಣ ಎನ್ನುವಷ್ಟು ಸಲೀಸಾಗಿ ಹೇಳಿದಳು. ನಾನು “ನೋಡಾಣ ಬುಡು” ಎಂದೆ. ಆ ಕಾಯಿಲೆ ಅವಳದು, ಕಾಲು ಅವಳದು, ಪ್ರಶ್ನೆ ಕೇಳಿದ್ದೂ ಅವಳೇ. ನೋಡಾಣ ಎನ್ನಲು ನಾನು ಯಾರು ಎಂಬುದು ಆಗ ಹೊಳೆಯಲಿಲ್ಲ.

ಯಳಂದೂರಿನಲ್ಲಿ ನಮ್ಮ ಸೋದರಮಾವ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದಾನೆ. ನಮ್ಮ ನೆಂಟರಲ್ಲಿ ಔಷಧಿ ಬಗ್ಗೆ ಯಾರಿಗೆ ಏನು ಬೇಕಾದರೂ ಅವನೇ. ಮಾರನೆಯ ದಿನ ಮಗ್ಗಕ್ಕೆ ರಜ ಕೊಟ್ಟು ಯಳಂದೂರಿನ ಬಸ್ಸು ಹತ್ತಿದೆ. ಮಾವ ಕನ್ನಡಕ ಏರಿಸಿ, ಮೊಬೈಲಿನಲ್ಲಿ ಆ ಔಷಧಿಯ ಜೊತೆ ಬರುವ ಚೀಟಿಯನ್ನು ಹುಡುಕಿ, ಓದುತ್ತ ಹೋದ. ಕ್ಯಾನ್ಸರ್ ಎಂಬ ಮಾತು ಬಂದಾಗಲೆಲ್ಲ ನಾನು ಗಾಜಿನ ಕೌಂಟರನ್ನು ಹಿಡಿದುಕೊಂಡೆ. ಅಪರೂಪಕ್ಕೆ ಮಿದುಳಿಗೂ ಸೋಂಕು ತಗಲಬಹುದು ಎಂದು ಓದಿದಾಗ, “ಸಾಕು ನಿಲ್ಸು ಮಾವ” ಎಂದೆ.

“ಪೂರ್ತಿ ಕೇಳ್ಲಾ ಅಳಿಯ. ಈ ಚೀಟಿ ಹಿಂಗೇ ಇರದು. ಜ್ವರದ ಮಾತ್ರೆ ಚೀಟಿ ಓದುದ್ರೂ ನೀನು ಇವತ್ತು ಊಟ ಮಾಡಲ್ಲ. ಡಬ್ಬಿ ಮೇಲೆ ಒಂದಿರ್ತದೆ, ಡಾಕ್ಟ್ರು ಇನ್ನೊಂದಕ್ಕೆ ಕೊಡ್ತಾರೆ, ಇದೇನು ಒಸದಲ್ಲ. ನಿಮ್ಮತ್ತೆ ತಲೆನೋವಿಗೆ ನುಂಗ್ತಾಳಲ್ಲ ಮಾತ್ರೆ, ಅದು ಮನಸಿನ ಬೇಜಾರಿಗೆ ಅಂತ ಬಂದಿದ್ದು. ಅವಳಿಗೆ ಏಳ್ಬುಟ್ಟೀಯ ಮತ್ತೆ, ನನ್ ತಲೆ ತಿಂತಾಳೆ.”

“ಅಂಗಾದ್ರೆ ಕೊಡಿಸ್ಬಹುದು ಅಂತೀಯಾ?”

“ನಾನು ಮಾತ್ರೆ ಎಣಿಸಿ ಕೊಡೋನು ಕಣಪ್ಪ, ನರದ ಡಾಕ್ಟ್ರಲ್ಲ. ಆ ಯಮ್ಮ ಇಷ್ಟು ಬಿಡಿಸಿ ಏಳವ್ರಲ್ಲ, ಇನ್ನೊಂದಪ ಓಗಿ ಅವರ್ನೇ ಕೇಳು. ಇಲ್ದಿದ್ರೆ ಮಗೀನ, ನಿನ್ ತಂಗೀನೇ ಕೇಳು, ಅವಳು ನಿನ್ಗಿಂತ ಓದವ್ಳೆ.”

ಮಾವ ಹೇಳಿದ್ದು ಅಷ್ಟೂ ಸರಿ. ಆದರೆ ನಾನು ಮನೆಗೆ ಬಂದು ಅವ್ವನ ಮುಂದೆ ಹೇಳಿದ್ದು, “ಮಾವ ಅದು ಕ್ಯಾನ್ಸರ್ ಔಷಧಿ ಅಂದ” ಎಂಬುದೊಂದನ್ನೇ. ಅತ್ತೆಯ ತಲೆನೋವನ್ನು ಯಳಂದೂರಿನಲ್ಲೇ ಬಿಟ್ಟು ಬಂದಿದ್ದೆ.

ಅವ್ವ ಗಾಬರಿಯಾದಳು. ಅವಳು ಗಾಬರಿಯಾದಾಗ ಹೋಗುವುದು ಒಂದೇ ಕಡೆ. ಹನೂರಿನ ಹತ್ತಿರ ಗುಡ್ಡದ ಬುಡದಲ್ಲಿ ನಮ್ಮ ಮನೆದೇವತೆಯ ಪುಟ್ಟ ಗುಡಿ ಇದೆ. ನಾವು ಅಮ್ಮ ಎನ್ನುತ್ತೇವೆ. ಅಲ್ಲಿ ಬೇರೆ ಪೂಜಾರಿ ಇಲ್ಲ, ನಮ್ಮ ಒಕ್ಕಲಿನ ಮನೆಗಳವರೇ ಸರದಿಯ ಮೇಲೆ ವರ್ಷಕ್ಕೊಂದು ಮನೆಯಂತೆ ಪೂಜೆ ಮಾಡಬೇಕು. ಆ ವರ್ಷದ ಸರದಿ ನಮ್ಮದು. ಎಂದರೆ ಪೂಜಾರಿ ನಾನೇ.

ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ನಮ್ಮವರು ಅಲ್ಲಿ ಹೂವು ಕೇಳುತ್ತಾರೆ. ಅಮ್ಮನ ಕಲ್ಲಿನ ಮೂರ್ತಿಗೆ ನೀರು ಹಾಕಿ, ಬಲ ಭುಜಕ್ಕೊಂದು ಎಡ ಭುಜಕ್ಕೊಂದು ಸೇವಂತಿಗೆಯನ್ನು ಒದ್ದೆ ಮಾಡಿ ಅಂಟಿಸುತ್ತೇವೆ. ಕೈಮುಗಿದು ಕೂರುತ್ತೇವೆ. ಬಲಗಡೆಯದು ಮೊದಲು ಬಿದ್ದರೆ ಅಮ್ಮ ಹೂಂ ಎಂದ ಹಾಗೆ, ಎಡಗಡೆಯದು ಬಿದ್ದರೆ ಬೇಡ ಎಂದ ಹಾಗೆ.

“ಅಮ್ಮನ್ನ ಕೇಳಾಣ,” ಎಂದಳು ಅವ್ವ. “ಅವಳು ಬಲಗಡೆ ಕೊಟ್ರೆ ನಾನು ಬ್ಯಾಡ ಅನ್ನಲ್ಲ.”

ತಂಗಿ ಒಪ್ಪಿಕೊಂಡಳು. “ಕೇಳಿ ಬುಡಿ. ಅಮ್ಮನಿಗೇನು ನನ್ ಮೇಲೆ ಸಿಟ್ಟಾ? ಕೊಟ್ಟೇ ಕೊಡ್ತಾಳೆ.”

ಅವಳ ಆ ಧೈರ್ಯವೇ ನನ್ನನ್ನು ಹೆದರಿಸಿತು. ಬಲಗಡೆ ಹೂವು ಬಿದ್ದರೆ ಮುಗಿಯಿತು. ಮೈಸೂರಿಗೆ ಹೋಗಬೇಕು, ಸಹಿ ಹಾಕಬೇಕು, ಅವಳಿಗೆ ಏನಾದರೂ ಆದರೆ ಊರವರು, ನೆಂಟರು, ಅವ್ವ, ಎಲ್ಲರೂ ನನ್ನ ಮುಖ ನೋಡುತ್ತಾರೆ. ತಂಗಿಯ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದೆ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡಿದ್ದೇನೆ. ಪ್ರೀತಿಯೂ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಮುಂದೆ ನಿಂತಿದ್ದು, ತಪ್ಪು ನನ್ನ ತಲೆಗೆ ಬರಬಾರದು ಎಂಬ ಭಯ. ಅದನ್ನು ದೇವರ ತಲೆಗೆ ಕಟ್ಟಿದೆ.

ಮಗ್ಗದ ಮನೆಯಲ್ಲಿ ಗಂಜಿ ಯಾವಾಗಲೂ ಇರುತ್ತದೆ. ನೇಯ್ದ ಬಟ್ಟೆಗೆ ಬಿಗಿ ಬರಲು ಹಚ್ಚುತ್ತೇವೆ. ಅವ್ವ ಕಾಯಿಸುವ ಗಂಜಿ ನಮ್ಮ ಬೀದಿಗೇ ಹೆಸರುವಾಸಿ. ಒಂದು ಚೂರನ್ನು ಬಾಳೆಲೆಯಲ್ಲಿ ಸುತ್ತಿ ಪಂಚೆಯ ಸೊಂಟದಲ್ಲಿ ಸಿಕ್ಕಿಸಿಕೊಂಡೆ. ಹನೂರಿನವರೆಗೆ ಬಸ್ಸಿನಲ್ಲಿ ಅದು ಹೊಟ್ಟೆಗೆ ತಣ್ಣಗೆ ತಾಗುತ್ತಲೇ ಇತ್ತು.

ಗುಡಿಗೆ ಮೆಟ್ಟಿಲು ಜಾಸ್ತಿ ಇಲ್ಲ, ಆದರೂ ತಂಗಿಗೆ ಕಾಲು ಸೋಲುತ್ತಿತ್ತು. ಅವಳು ಹೊರಗೆ ಕಟ್ಟೆಯ ಮೇಲೆ ಕೂತಳು. ಅವ್ವ ಬಾಗಿಲಿನಲ್ಲಿ ಕೂತಳು. ನಾನು ಒಳಗೆ ಹೋಗಿ ಅಮ್ಮನಿಗೆ ನೀರು ಹಾಕಿ, ಬೆನ್ನು ಬಾಗಿಲ ಕಡೆ ಮಾಡಿಕೊಂಡು, ಎಡಗಡೆ ಹೂವನ್ನು ಬರೀ ನೀರಲ್ಲಿ ಅದ್ದಿ ಇಟ್ಟೆ. ಬಲಗಡೆ ಹೂವಿನ ತೊಟ್ಟಿನ ಕೆಳಗೆ ಗಂಜಿ ಸವರಿ ಒತ್ತಿದೆ. ಕೈ ನಡುಗಲಿಲ್ಲ ಎಂಬುದು ಈಗ ನೆನೆದರೆ ಆಶ್ಚರ್ಯ. ನೇಕಾರನ ಕೈ, ಅದಕ್ಕೆ ಕೆಲಸ ಒಂದು ಸಿಕ್ಕರೆ ಸಾಕು.

ಬಿಸಿಲು ಚೆನ್ನಾಗಿತ್ತು. ನೀರು ಆರುತ್ತಿದ್ದಂತೆ ಎಡಗಡೆ ಹೂವು ಮೆತ್ತಗೆ ಜಾರಿ ಬಿತ್ತು. ಅವ್ವ ಕಣ್ಣಿಗೆ ಸೆರಗು ಒತ್ತಿದಳು. ಬಲಗಡೆ ಹೂವು ಹಾಗೇ ನಿಂತಿತ್ತು. ನಾವು ಮಂಗಳಾರತಿ ಮಾಡಿದೆವು, ತೆಂಗಿನಕಾಯಿ ಒಡೆದೆವು, ಹೊರಗೆ ಬಂದು ಚಿತ್ರಾನ್ನ ತಿಂದೆವು, ಅದು ಅಲುಗಲಿಲ್ಲ.

“ನೋಡ್ಲಾ, ಎಷ್ಟು ಕಂಡಿತವಾಗಿ ಬ್ಯಾಡ ಅಂದ್ಬುಟ್ಲು ಅಮ್ಮ,” ಎಂದಳು ಅವ್ವ. “ನನ್ ಆಯಸ್ಸಲ್ಲೇ ಇಂಗೆ ಊವ ಕಚ್ಕಂಡು ನಿಂತಿದ್ದು ನೋಡಿಲ್ಲ.”

ಮುಂದಿನ ಪೂಜೆಗೆ ಹೋದಾಗ ಹೂವು ಒಣಗಿ ಕರಕಲಾಗಿ ಅಲ್ಲೇ ಇತ್ತು. ಉಗುರಿನಿಂದ ಕೆರೆದು ತೆಗೆದೆ. ಅಷ್ಟರಲ್ಲಿ ಅವ್ವ ಆ ಮಹಿಮೆಯನ್ನು ನಮ್ಮ ಬೀದಿಗೆಲ್ಲ ಹೇಳಿಯಾಗಿತ್ತು. ಹೊಗಳಿಕೆಯೆಲ್ಲ ಸಲ್ಲಬೇಕಾದ್ದು ಅವಳದೇ ಗಂಜಿಗೆ ಎಂದು ನಾನು ಹೇಗೆ ಹೇಳಲಿ?

ತಂಗಿ ಆ ದಿನ ಕಟ್ಟೆಯ ಮೇಲೆ ಕೂತು ಒಂದೇ ಮಾತು ಹೇಳಿದ್ದಳು. “ಅಮ್ಮ ಇಂಗ್ ಮಾಡ್ತಾಳೆ ಅಂತ ಅನ್ಕಂಡಿರ್ಲಿಲ್ಲ.” ಆಮೇಲೆ ಆ ಔಷಧಿಯ ಮಾತೇ ಎತ್ತಲಿಲ್ಲ. ಮೈಸೂರಿಗೂ ಹೋಗಲಿಲ್ಲ. ಅಂಗನವಾಡಿಗೆ ಹೋದಳು, ಬಂದಳು. ಕಾಲು ತಕ್ಕಮಟ್ಟಿಗೆ ಚೇತರಿಸಿಕೊಂಡಿತು. ನಾನು ಒಳಗೊಳಗೇ, ನೋಡು, ಔಷಧಿಯೇ ಬೇಕಾಗಿರಲಿಲ್ಲ ಎಂದು ಹಿಗ್ಗಿದೆ.

ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದವಳ ಕೈಯಿಂದ ಸೌಟು ಜಾರಿತು. ಎತ್ತಲು ಬಗ್ಗಿದರೆ ಎಡಗಾಲೂ ಬರಲಿಲ್ಲ. ಅಂಗನವಾಡಿಯ ಸಹಾಯಕಿ ಫೋನು ಮಾಡಿ ಕರೆದಳು. ನಾನು ಹೋದಾಗ ತಂಗಿ ಗೋಡೆಗೊರಗಿ ಕೂತಿದ್ದಳು, ಮಕ್ಕಳು ಸುತ್ತ ಕೂತು ಅವಳಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದವು. ಅವಳ ಮುಖದ ತುಂಬ ರವೆ. “ಬಾರಣ್ಣ, ನೀನೂ ಕೂತ್ಕೊ, ನಿನ್ಗೂ ತಿನ್ನುಸ್ತವೆ” ಎಂದಳು. ನಾನು ಆಚೆ ಹೋಗಿ ನೀರಿನ ತೊಟ್ಟಿಯ ಹತ್ತಿರ ಮುಖ ತೊಳೆದುಕೊಂಡು ಬಂದೆ.

ಮತ್ತೆ ಮೈಸೂರು, ಸ್ಟೀರಾಯ್ಡ್ ಡ್ರಿಪ್ಪು. ಕೈ ಬಂತು. ಎಡಗಾಲು ಪೂರ್ತಿ ಬರಲಿಲ್ಲ, ಪಾದ ನೆಲ ಬಿಟ್ಟು ಮೇಲೇಳುವುದೇ ಕಷ್ಟ. ಊರುಗೋಲು ಬಂತು, ಸ್ಕೂಟರು ಮೂಲೆ ಸೇರಿತು.

“ಯಾಕೆ ಮತ್ತೆ ಬರಲೇ ಇಲ್ಲ ನೀವು?” ಎಂದು ಡಾಕ್ಟರಮ್ಮ ಕೇಳಿದರು.

“ಮನೇಲಿ ಒಪ್ಲಿಲ್ಲ ಮೇಡಂ,” ಎಂದಳು ತಂಗಿ. ದೇವರ ಹೆಸರು ಹೇಳಿ ಅಮ್ಮನ ಮರ್ಯಾದೆ ಕಳೆಯಲು ಅವಳಿಗೆ ಮನಸ್ಸಿರಲಿಲ್ಲ.

“ಮೊದಲೇ ಕೊಟ್ಟಿದ್ರೆ ಇದು ಆಗ್ತಲೇ ಇರಲಿಲ್ಲ ಅಂತ ನಾನು ಹೇಳಕ್ಕಾಗಲ್ಲ. ಆಗದೇ ಇರೋ ಸಾಧ್ಯತೆ ಇತ್ತು. ಈಗಲೂ ಹೊತ್ತು ಮೀರಿಲ್ಲ.”

ಆ ಮಾತಿನಿಂದ ನನಗೆ ತಪ್ಪಿಸಿಕೊಳ್ಳಲೂ ಜಾಗ ಸಿಕ್ಕಿತು, ಸಿಕ್ಕಿಹಾಕಿಕೊಳ್ಳಲೂ ಸಿಕ್ಕಿತು. ಮನೆಗೆ ಬಂದ ಮೇಲೆ ತಂಗಿ ಅವ್ವನನ್ನು ಕೂರಿಸಿಕೊಂಡು, “ಅವ್ವ, ನಾನು ಅದನ್ನ ತಕ್ಕತೀನಿ” ಎಂದಳು. ಅವ್ವ ಕೈ ಆಡಿಸಿಬಿಟ್ಟಳು. “ಅಮ್ಮ ಬ್ಯಾಡ ಅಂದವ್ಳೆ ಕಣಮ್ಮಿ. ಬಲಗಡೆ ಊವ ಅಲ್ಲಾಡ್ಲೇ ಇಲ್ಲ. ಅದನ್ನೂ ಮೀರಿ ಓಗಿ ಏನಾದ್ರೂ ಆದ್ರೆ?” ಎರಡು ದಿನ ಇದೇ ನಡೆಯಿತು. ಮೂರನೆಯ ದಿನ ತಂಗಿ ವಾದ ನಿಲ್ಲಿಸಿದಳು. ಅವಳು ವಾದ ನಿಲ್ಲಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಇನ್ನೊಂದು ಏಟು ಬಿದ್ದರೆ ಅವಳ ಬಲಗಾಲೂ ಹೋಗಬಹುದು, ಕಣ್ಣು ಹೋಗಬಹುದು, ಔಷಧಿಗೆ ಅಡ್ಡ ನಿಂತಿರುವುದು ಅಮ್ಮನಲ್ಲ, ನನ್ನ ಒಂದು ಚೂರು ಗಂಜಿ.

ಅವ್ವ ಒಲೆಯ ಮುಂದೆ ಗಂಜಿ ತಿರುವುತ್ತಿದ್ದಳು. ತಂಗಿ ಹೊಸ್ತಿಲ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದಳು. ನಾನು ಮಗ್ಗದ ಗುಂಡಿಯಿಂದ ಎದ್ದು ಬಂದೆ.

“ಅವ್ವ, ಆ ಊವ ಬೀಳ್ದಂಗೆ ಮಾಡಿದ್ದು ನಾನು. ಗಂಜಿ ಆಕಿ ಅಂಟ್ಸಿದ್ದೆ.”

ಅವ್ವ ಸೌಟು ನಿಲ್ಲಿಸದೆ, “ಯಾವ ಊವ?” ಎಂದಳು.

“ಅಮ್ಮನ ಬಲಗಡೆ ಊವ.”

ಸೌಟು ನಿಂತಿತು. ಅದು ನನ್ನ ಕಡೆ ಹಾರಿ ಬಂದಾಗ ಅದರಲ್ಲಿದ್ದ ಬಿಸಿ ಗಂಜಿ ಮೊಣಕೈ ಮೇಲೆ ಚೆಲ್ಲಿತು. ಸುಟ್ಟಿತು. ಸುಟ್ಟಿದ್ದು ಒಳ್ಳೆಯದೇ ಆಯಿತು, ಒರೆಸಿಕೊಳ್ಳುತ್ತ ನಿಂತೆ, ನಿಂತಲ್ಲಿ ಮಾಡಲು ಏನಾದರೂ ಬೇಕಿತ್ತು.

“ದೇವ್ರಿಗೆ ಗಂಜಿ ಅಂಟುಸ್ದಾ? ದೇವ್ರ ಬಾಯಿಗೇ ಗಂಜಿ ಮೆತ್ಬುಟ್ಯಲ್ಲೋ ಪಾಪಿ! ಅದೂ ನನ್ ಗಂಜಿ!”

ತಂಗಿ ಬೀನ್ಸನ್ನು ಮೊರದಲ್ಲಿ ಒಂದು ಕಡೆ ಸರಿಸಿದಳು. ನನ್ನನ್ನು ನೋಡದೆ ಮಾತಾಡಿದಳು.

“ನೀನು ಬ್ಯಾಡ ಅಂತ ಬಾಯ್ಬಿಟ್ಟು ಏಳಿದ್ರೆ ನಿನ್ ಜೊತೆ ಜಗಳ ಆಡ್ತಿದ್ದೆ ಕಣಣ್ಣ. ಗೆಲ್ತಿದ್ದೆ. ಯಾವತ್ತು ನೀನು ಗೆದ್ದಿದ್ದೀಯ ನನ್ ಮೇಲೆ? ಅಮ್ಮನ ಜೊತೆ ಎಂಗೆ ಜಗಳ ಆಡ್ಲಿ ನಾನು? ನನ್ಗೆ ಬ್ಯಾಡ ಅಂದ್ಲಲ್ಲ, ನಾನೇನ್ ತೆಪ್ಪು ಮಾಡಿದ್ದೆ ಅಂತ ಇಷ್ಟು ದಿನ ಒಳಗೇ ಕೊರೀತಿತ್ತು.”

ಕಾಲಿನ ಬಗ್ಗೆ ಅವಳು ಏನೂ ಅನ್ನಲಿಲ್ಲ. ಅಮ್ಮ ಕೈಬಿಟ್ಟಳೆಂದು ಅವಳು ಕೊರಗಿದ್ದು ನನಗೆ ಆವರೆಗೆ ತೋಚಿರಲೇ ಇಲ್ಲ.

ಆಮೇಲೆ ಕೆಲವು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಒಂದೇ ಚಾಪೆಯ ಮೇಲೆ ಊಟಕ್ಕೆ ಕೂತು, “ಅವ್ವ, ಮಗ್ಗದವರಿಗೆ ಸಾರು ಬೇಕಾ ಕೇಳು” ಎನ್ನುತ್ತಿದ್ದಳು. ನಾನು, “ಬೇಕು ಅಂತ ಏಳವ್ವ” ಎನ್ನುತ್ತಿದ್ದೆ. ಅವ್ವ ಎರಡು ದಿನ ಸುದ್ದಿ ಸಾಗಿಸಿ, ಬೇಜಾರಾಗಿ, “ನಾನೇನು ಪೋಸ್ಟಾಪೀಸಾ? ಇಬ್ರೂ ಎದ್ದೋಗಿ” ಎಂದು ಬೈದಳು. ತಂಗಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಅನ್ನ ನನ್ನ ತಟ್ಟೆಗೇ ಬಂತು. ಅಲ್ಲಿಗೆ ಮಾತು ಶುರುವಾಯಿತು.

ಅವ್ವ ನನ್ನನ್ನು ಗುಡಿಗೆ ಎಳೆದುಕೊಂಡು ಹೋಗಿ ಅಮ್ಮನ ಮೈಯನ್ನು ಸೀಗೆಪುಡಿ ಹಾಕಿ ಉಜ್ಜಿಸಿದಳು. ಬಲ ಭುಜವನ್ನು ಮತ್ತೆ ಮತ್ತೆ ಉಜ್ಜಿಸಿದಳು. ತಪ್ಪಾಯಿತೆಂದು ನನ್ನನ್ನು ಅಡ್ಡ ಬೀಳಿಸಿದಳು. ಎದ್ದ ಮೇಲೆ, “ಈಗ ಸರಿಯಾಗಿ ಊವ ಕೇಳಾಣ. ನೀನು ಮುಟ್ಬ್ಯಾಡ, ನಾನೇ ಇಡ್ತೀನಿ” ಎಂದಳು.

ಕಟ್ಟೆಯ ಮೇಲಿಂದ ತಂಗಿಯ ದನಿ ಬಂತು. “ಬ್ಯಾಡ ಕಣವ್ವ. ಮಾವನ್ನ ಕೇಳುದ್ರಿ, ಅಮ್ಮನ್ನ ಕೇಳುದ್ರಿ, ಇವನು ಗಂಜೀನೂ ಕೇಳ್ದ. ಈ ಸಲ ನನ್ನ ಕೇಳಿ.”

ಅವ್ವ ಹೂವನ್ನು ಕೈಯಲ್ಲಿ ಹಿಡಿದುಕೊಂಡು ಅಮ್ಮನ ಕಡೆ ನೋಡಿದಳು, ಬಾಗಿಲಾಚೆ ನೋಡಿದಳು. ಆಮೇಲೆ ಎರಡೂ ಹೂವನ್ನು ಅಮ್ಮನ ಪಾದದ ಮೇಲಿಟ್ಟು ಹೊರಗೆ ಬಂದಳು.

“ಏಳಮ್ಮಿ, ಏನ್ ಮಾಡನ?”

“ತಕ್ಕತೀನಿ. ಎದ್ರಿಕೆ ಆಯ್ತದೆ, ಆದ್ರೂ ತಕ್ಕತೀನಿ.”

ಅಲ್ಲಿಯವರೆಗೆ ಅವಳಿಗೂ ಹೆದರಿಕೆ ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಕೇಳಿದ್ದರಲ್ಲವೇ ಗೊತ್ತಾಗುವುದು.

ರಕ್ತ ಪರೀಕ್ಷೆಗಳಾದವು, ಲಸಿಕೆಗಳಾದವು. ಡ್ರಿಪ್ಪಿನ ದಿನ ಮೊದಲು ಅವಳು ಸಹಿ ಹಾಕಿದಳು. ಕೆಳಗೆ ನಾನು. ಅಷ್ಟು ದಿನ ಹೆದರಿಸಿದ ಸಹಿ ಒಂದು ಉಸಿರಿನಲ್ಲಿ ಮುಗಿಯಿತು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು, ದಪ್ಪ ದಪ್ಪ ಅಕ್ಷರ, ಗೆರೆ ದಾಟಿ ಹೋಗಿತ್ತು.

ಔಷಧಿ ಹನಿಯುತ್ತ ಸ್ವಲ್ಪ ಹೊತ್ತಿಗೆ ಅವಳು ಗಂಟಲು ಕೆರೆದುಕೊಂಡಳು. ಕಿವಿ ಕೆಂಪಗಾಯಿತು. ನಾನು ಎದ್ದು ನಿಂತೆ. ನರ್ಸಮ್ಮ ಓಡಿ ಬಂದು ಡ್ರಿಪ್ ನಿಲ್ಲಿಸಿ, ಒಂದು ಇಂಜೆಕ್ಷನ್ ಕೊಟ್ಟು, ಬಿಪಿ ನೋಡಿದರು. ಆ ಹೊತ್ತಿನಲ್ಲಿ ನಾನು ಅಮ್ಮನನ್ನು ನೆನೆಯಲಿಲ್ಲ. ನೆನೆಯಲು ಮುಖ ಇರಲಿಲ್ಲ. ನವೆ ಇಳಿಯಿತು. ನಿಧಾನವಾಗಿ ಮತ್ತೆ ಹನಿ ಬಿಟ್ಟರು.

“ಮೊದಲ ಸಲ ಕೆಲವರಿಗೆ ಹಿಂಗಾಗತ್ತೆ. ಈಗ ಹೆಂಗಿದೆ?” ಎಂದರು ನರ್ಸಮ್ಮ.

“ನಾನು ಚೆನ್ನಾಗಿವ್ನಿ ಸಿಸ್ಟರ್. ನಮ್ಮಣ್ಣನ ಮುಖ ನೋಡಿ ಒಂದಪ. ಅವನಿಗೂ ಒಂದು ಬಾಟ್ಲು ಆಕ್ಬುಡಿ,” ಎಂದಳು ತಂಗಿ.

ಅದಾದ ಮೇಲೆ ಡ್ರಿಪ್ಪಿನ ಇನ್ನೊಂದು ಸುತ್ತು ಮುಗಿದಿದೆ. ಈವರೆಗೆ ಹೊಸ ಏಟು ಬಿದ್ದಿಲ್ಲ. ಹೋದ ಪಾದ ಹೋದ ಹಾಗೇ ಇದೆ. ಮುಂದೆ ಏನೋ ಯಾರೂ ಹೇಳುವುದಿಲ್ಲ, ಡಾಕ್ಟರಮ್ಮನೂ ಹೇಳುವುದಿಲ್ಲ. ಒಮ್ಮೆ ಕೆಮ್ಮು ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿ ಬಂದಳು. ಆಗ ನನಗೆ ಮಾವ ಓದಿದ ಚೀಟಿಯ ಸಾಲುಗಳೆಲ್ಲ ನೆನಪಿಗೆ ಬಂದವು, ಆದರೆ ಯಾರ ತಲೆಗೂ ಕಟ್ಟಲು ಹೋಗಲಿಲ್ಲ.

ದಿನಾ ಬೆಳಿಗ್ಗೆ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಧುವನಹಳ್ಳಿಗೆ ಬಿಡುತ್ತೇನೆ. ಮಿಸ್ಸು ಮಾಸ್ಕ್ ಹಾಕಿದ್ದು ನೋಡಿ ಮಕ್ಕಳೆಲ್ಲ ನಮಗೂ ಬೇಕು ಎಂದು ಅತ್ತಿದ್ದರಿಂದ, ಅವ್ವ ಬಣ್ಣಬಣ್ಣದ ಬಟ್ಟೆ ಚೂರುಗಳಲ್ಲಿ ಅವರಿಗೂ ಹೊಲಿದುಕೊಟ್ಟಿದ್ದಾಳೆ. ಅವು ಮೂಗಿನ ಮೇಲೆ ಇರುವುದಕ್ಕಿಂತ ತಲೆಯ ಮೇಲಿರುವುದೇ ಹೆಚ್ಚು.

ನನಗೆ ತಂಗಿ ಕೊಟ್ಟ ಶಿಕ್ಷೆ ಒಂದಿದೆ. ಅಂಗನವಾಡಿಯ ಗೋಡೆಗೆ ಮಕ್ಕಳು ಮಾಡಿದ್ದನ್ನೆಲ್ಲ ಅಂಟಿಸುವ ಕೆಲಸ ನನ್ನದು. ಅಂಗಡಿಯ ಗೋಂದು ನಡೆಯುವುದಿಲ್ಲ, ಮನೆಯ ಗಂಜಿಯೇ ಆಗಬೇಕು. ಇದನ್ನು ಬರೆಯಲು ಹೇಳಿದವಳೂ ಅವಳೇ, ಕಾಗುಣಿತ ತಿದ್ದಿದವಳೂ ಅವಳೇ. “ಪ್ರೀತಿಯೂ ಇತ್ತು” ಎಂಬ ಕಡೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಹೊಡೆದು ಹಾಕುತ್ತಾಳೆ ಎಂದುಕೊಂಡೆ. ಹಾಗೇ ಬಿಟ್ಟಳು.

ಮೊನ್ನೆ ಕಾಗದದ ಹೂವುಗಳ ಸರದಿ. ಅವಳು ಕುರ್ಚಿಯ ಮೇಲೆ ಕೂತು ಊರುಗೋಲಿನಿಂದ ಗೋಡೆ ತೋರಿಸುತ್ತಿದ್ದಳು. ಮಕ್ಕಳು ಹಿಂದೆ ಸಾಲಾಗಿ ಕೂತಿದ್ದವು.

“ಬಲಗಡೇದು ಇನ್ನೊಂಚೂರು ಮೇಲಕ್ಕೆ. ಚೆನ್ನಾಗಿ ಒತ್ತು. ಬೀಳ್ತದಾ?”

“ಬೀಳಲ್ಲ ಕಣಮ್ಮಿ.”

“ಅದು ನಿನ್ಗೆ ಚೆನ್ನಾಗಿ ಗೊತ್ತು ಬುಡು,” ಎಂದಳು.

ಏಕೆ ಎಂದು ತಿಳಿಯದಿದ್ದರೂ ಮಕ್ಕಳು ಮಿಸ್ಸಿನ ಜೊತೆ ಸೇರಿ ನಕ್ಕವು. ನಾನು ಕೈಗೆ ಹತ್ತಿದ ಗಂಜಿಯನ್ನು ಪಂಚೆಗೆ ಒರೆಸಿಕೊಂಡು ಎಡಗಡೆ ಹೂವನ್ನು ತೆಗೆದುಕೊಂಡೆ.